ಪದ ಪರಿಚಯ: ಮುಟ್ಟಿನ ಮುಂಚಿನ ಕಳವಳ ಮತ್ತು ಹಗುರ ವ್ಯಾಯಾಮ

ಮುಟ್ಟಿಗೆ ಇನ್ನೂ ನಾಲ್ಕೈದು ದಿನ ಇರುತ್ತದೆ. ಕಾರಣ ಇಲ್ಲದೆ ಎದೆ ಡವಡವ ಅನ್ನುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ, ಅವ್ವ ಫೋನಿನಲ್ಲಿ "ಊಟಾ ಮಾಡಿದೇನವಾ?" ಅಂದರೂ ಸಾಕು, ಅಳು ಬಂದುಬಿಡುತ್ತದೆ. ಡೇಟ್ ಬಂದು ಒಂದೆರಡು ದಿನಕ್ಕೆ ಎಲ್ಲಾ ಮಾಯ. ಇದು ಪಿಎಂಎಸ್, ಅಂದರೆ ಪ್ರೀಮೆನ್‌ಸ್ಟ್ರುವಲ್ ಸಿಂಡ್ರೋಮ್. ಹೊಟ್ಟೆ ಉಬ್ಬರ, ತಲೆನೋವು, ಸಿಟ್ಟು ಎಲ್ಲಾ ಅದರಲ್ಲೇ ಬರುತ್ತವೆ. ಇಲ್ಲಿ ಕಳವಳದ ಮಾತಷ್ಟೇ.

"ಈಗಿನ ಹುಡುಗೀರ ನಾಟಕ" ಅನ್ನುವವರು ಇದ್ದಾರಲ್ಲ, ಅವರಿಗೊಂದು ಮಾತು. ಅಮೆರಿಕದ ವೈದ್ಯ ರಾಬರ್ಟ್ ಫ್ರಾಂಕ್ ಇದರ ಬಗ್ಗೆ ಬರೆದದ್ದು 1931ರಲ್ಲಿ. ಪಿಎಂಎಸ್ ಅನ್ನುವ ಹೆಸರನ್ನು ಬ್ರಿಟನ್ನಿನ ಕ್ಯಾಥರೀನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ 1953ರಲ್ಲಿ ಬಳಕೆಗೆ ತಂದರು. ನಾಟಕ ಅನ್ನುವವರ ಅಜ್ಜಿಯರಿಗೂ ಇದು ಇದ್ದಿರಬಹುದು, ಹೇಳಿಕೊಳ್ಳಲಿಲ್ಲ ಅಷ್ಟೇ.

ಆಗೋದು ಏನಂದರೆ, ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಏರುತ್ತದೆ, ಮುಟ್ಟು ಹತ್ತಿರ ಬಂದಂತೆ ಇಳಿಯುತ್ತದೆ. ಈ ಏರಿಳಿತ ಎಲ್ಲರಲ್ಲೂ ಇರುವುದೇ. ಕೆಲವರ ಮಿದುಳು ಅದಕ್ಕೆ ಜಾಸ್ತಿ ಸ್ಪಂದಿಸುತ್ತದೆ. ಅದಕ್ಕೇ ರಕ್ತ ಪರೀಕ್ಷೆ ಮಾಡಿಸಿದರೆ ಹಾರ್ಮೋನ್ ಸಾಮಾನ್ಯವಾಗಿ ಸರಿಯಾಗೇ ಕಾಣುತ್ತದೆ, ಮನೆಯವರು "ನೋಡು, ಏನೂ ಇಲ್ಲ" ಅನ್ನುತ್ತಾರೆ. ಗುರುತಿಸೋಕೆ ಒಳ್ಳೆ ದಾರಿ ಕ್ಯಾಲೆಂಡರ್. ಕಳವಳ ಆದ ದಿನ ಒಂದು ಚುಕ್ಕೆ, ಮುಟ್ಟಾದ ದಿನ ಇನ್ನೊಂದು ಗುರುತು. ಎರಡು ಮೂರು ತಿಂಗಳು ಹಾಕಿ ನೋಡಿ. ಚುಕ್ಕೆಗಳೆಲ್ಲ ಮುಟ್ಟಿನ ಹಿಂದಿನ ದಿನಗಳಲ್ಲೇ ಗುಂಪುಗೂಡಿದ್ದರೆ ಇದೇ ಇರಬೇಕು. ತಿಂಗಳಿಡೀ ಹರಡಿದ್ದರೆ ಬೇರೇನೋ ಇದೆ, ಥೈರಾಯ್ಡ್, ರಕ್ತಹೀನತೆ ಅಂಥವನ್ನೂ ನೋಡಿಸಬೇಕು.

ಇನ್ನು ಹಗುರ ವ್ಯಾಯಾಮ. ನಡೆಯುತ್ತಾ ಗೆಳತಿಯ ಜೊತೆ ಮಾತಾಡೋಕೆ ಆಗಬೇಕು, ಆದರೆ ಹಾಡೋಕೆ ಉಸಿರು ಸಾಲಬಾರದು: ಅಷ್ಟು ವೇಗ ಸಾಕು. ದಿನಕ್ಕೆ ಅರ್ಧ ಗಂಟೆ, ವಾರದ ಬಹುಪಾಲು ದಿನ. ಜಿಮ್ ಬೇಕಿಲ್ಲ, ಆ ಟೈಟ್ ಬಟ್ಟೆಯೂ ಬೇಕಿಲ್ಲ. ವಿಜಯಪುರದವರಿಗೆ ಗೋಳಗುಮ್ಮಟದ ಉದ್ಯಾನ ಇದೆ, ಬೆಳಗಾವಿಯವರಿಗೆ ಕೋಟೆ ಕೆರೆ, ಬಾಗಲಕೋಟೆಯವರಿಗೆ ನವನಗರದ ಅಗಲ ರಸ್ತೆಗಳು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುವುದರಿಂದ ಬೆಳಗ್ಗೆ ಬೇಗ, ಇಲ್ಲವೇ ಸಂಜೆ ಹೊತ್ತು ಮುಳುಗಿದ ಮೇಲೆ ಹೋಗಬೇಕು, ಆದರೆ ಆ ಹೊತ್ತಿಗೆ ಹುಡುಗಿಯರನ್ನು ಹೊರಗೆ ಬಿಡದ ಮನೆಗಳೇ ಹೆಚ್ಚು ಅಲ್ವಾ, ಅವರಿಗೆ ಮಾಳಿಗೆ ಇದ್ದೇ ಇದೆ. ಮಾಳಿಗೆ ಮೇಲೆ ಸುತ್ತು ಹಾಕಿದರೂ ಅದು ನಡಿಗೆಯೇ. ಪೊಲೀಸ್ ನೇಮಕಾತಿಗೆ ಓಡುವ ಹುಡುಗಿಯರು ಮೈ ಒಲ್ಲೆ ಅಂದ ದಿನ ಓಟ ಬಿಟ್ಟು ನಡೆದರೆ ಏನೂ ಕಳೆದುಕೊಳ್ಳುವುದಿಲ್ಲ.

"ರೊಟ್ಟಿ ಬಡಿದು ಕಸ ಹೊಡದ್ರ ಅದೇ ವ್ಯಾಯಾಮ, ಬ್ಯಾರೆ ಯಾಕ ಬೇಕವಾ?" ಅಂತ ಅತ್ತೆಯೋ ಕಾಕುವೋ ಕೇಳುತ್ತಾರೆ. ಮೈಗೆ ದಣಿವಾಗುತ್ತದೆ, ಒಪ್ಪಿದೆ. ಆದರೆ ಒಲೆ ಮುಂದೆ ಕೂತಾಗ ತಲೆಯಲ್ಲಿ ಮುಂದಿನ ಹತ್ತು ಕೆಲಸ ಓಡುತ್ತಿರುತ್ತವೆ. ನಡಿಗೆಯ ಅರ್ಧ ಗಂಟೆ ಯಾರ ಕೆಲಸಕ್ಕೂ ಅಲ್ಲ. ನನ್ನ ಪ್ರಕಾರ ಕಳವಳ ಇಳಿಯುವುದರಲ್ಲಿ ಅದರದ್ದೂ ಪಾಲಿದೆ.

ನಡೆದಾಗ ಬಿಗಿದ ಸ್ನಾಯು ಸಡಿಲವಾಗುತ್ತದೆ, ಮನಸ್ಸು ಒಂದೇ ಚಿಂತೆಗೆ ಅಂಟಿಕೊಂಡಿರುವುದು ತಪ್ಪುತ್ತದೆ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಎದ್ದು ಹೋಗೋಕೂ ಆಗದ ದಿನ ಹಾಸಿಗೆ ಮೇಲೆಯೇ ಮಂಡಿಯೂರಿ ಮುಂದೆ ಬಾಗಿ ಹಣೆ ಊರಿ, ಬಾಲಾಸನದ ಹಾಗೆ. ನಾಲ್ಕು ಎಣಿಸುತ್ತಾ ಉಸಿರು ಎಳೆದು, ಆರು ಎಣಿಸುತ್ತಾ ಬಿಡಿ. ಬಿಡುವ ಉಸಿರು ಉದ್ದ ಆದರೆ ಎದೆಬಡಿತ ಸ್ವಲ್ಪ ಇಳಿಯುತ್ತದೆ. ಆದರೆ ಆ ನಾಲ್ಕು ದಿನ ಮಾತ್ರ ಮಾಡಿ ಫಲ ಕೇಳಬೇಡಿ, ತಿಂಗಳಿಡೀ ನಡೆಯಬೇಕು. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಬಹಳಷ್ಟು ಸಣ್ಣವು, ಹಾಗಾಗಿ ನಡಿಗೆಯಿಂದ ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಡಿಮೆ ಆಗಬಹುದು.

ಕಾಲೇಜಿಗೆ ಹೋಗೋಕೇ ಆಗದಷ್ಟು, ಬದುಕೇ ಬೇಡ ಅನ್ನಿಸುವಷ್ಟು ಆದರೆ ಅದು ಪಿಎಂಡಿಡಿ ಇರಬಹುದು. ಅದು ಪಿಎಂಎಸ್‌ನ ತೀವ್ರ ರೂಪ, ಅದಕ್ಕೆ ಔಷಧಿ ಇದೆ, ಡಾಕ್ಟರ್ ಹತ್ತಿರ ಹೋಗಲೇಬೇಕು. ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.