ಡಿಜರಿಡೂ: ಅರ್ಧ ವಾದ್ಯ ಬಾಯಲ್ಲೇ ಇದೆ

ಡಿಜರಿಡೂ ಅನ್ನೋ ಊದುವ ಕೊಳವೆ ವಾದ್ಯಕ್ಕೆ ಬೆರಳಿಡೋಕೆ ತೂತಿಲ್ಲ, ಒತ್ತೋಕೆ ಕೀಲಿಯಿಲ್ಲ. ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡ್‌ನಲ್ಲಿ, ಗೆದ್ದಲು ಒಳಗಿಂದ ತಿಂದು ಟೊಳ್ಳು ಮಾಡಿದ ನೀಲಗಿರಿ ಜಾತಿಯ ಮರ ಕಡಿದು, ತೊಗಟೆ ಕೆತ್ತಿ, ಬಾಯಿಡುವ ತುದಿಗೆ ಬೇಕಾದರೆ ಜೇನುಮೇಣ ಮೆತ್ತುತ್ತಾರೆ. ತುಟಿ ಸಡಿಲ ಬಿಟ್ಟು ನಡುಗಿಸುತ್ತಾ ಊದಿದರೆ ಬರುವುದು ಒಂದೇ ಶ್ರುತಿ, ಸೆಕೆಂಡಿಗೆ 60ರಿಂದ 100 ಕಂಪನದ ಆಸುಪಾಸು. ಉಳಿದ ಆಟವೆಲ್ಲ ಬಾಯಿಯದ್ದು.

ಒಮ್ಮೆ "ಊ" ಅಂತ ಎಳೆದು, ಶ್ರುತಿ ಬದಲಿಸದೆ "ಈ"ಗೆ ಜಾರಿ ನೋಡಿ. ಸ್ವರ ಅದೇ, ಬಣ್ಣ ಬೇರೆ ಅಲ್ವಾ? ನಾಲಗೆ ಸರಿದದ್ದಷ್ಟೇ. ಡಿಜರಿಡೂದಲ್ಲೂ ಕೆಲಸ ನಾಲಗೆಯದ್ದೇ, ಆದರೆ ಲೆಕ್ಕ ತಿರುವುಮುರುವು: ಮಾತಿನಲ್ಲಿ ಬಾಯಿ ಅನುರಣಿಸುವ ಕಂಪನವೇ ಎದ್ದು ಕೇಳುತ್ತದೆ, ಇಲ್ಲಿ ಹಾಗಲ್ಲ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜೋ ವುಲ್ಫ್ ಮತ್ತು ಸಂಗಡಿಗರು ನುಡಿಸುತ್ತಿರುವವರ ಬಾಯೊಳಗೇ ಅಳತೆ ಮಾಡಿ 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು: ಬಾಯಿ ಯಾವ ಕಂಪನಕ್ಕೆ ಜೋರಾಗಿ ಅನುರಣಿಸುತ್ತದೋ ಅದೇ ಹೊರಗಿನ ಸದ್ದಿನಲ್ಲಿ ಅಡಗಿಹೋಗುತ್ತದೆ, ನಡುವೆ ಉಳಿದದ್ದು ಎದ್ದು ಕೇಳುತ್ತದೆ. ಇದು ಚೆನ್ನಾಗಿ ಆಗಬೇಕಾದರೆ ಗಂಟಲಲ್ಲಿ ಧ್ವನಿತಂತುಗಳ ನಡುವಿನ ಸಂದು ಬಹುತೇಕ ಮುಚ್ಚಿರಬೇಕು. ತೆರೆದಿದ್ದರೆ ಸದ್ದಿನ ಕಸುವು ಶ್ವಾಸಕೋಶದ ಕಡೆ ಸೋರಿಹೋಗುತ್ತದೆ.

ಉಸಿರಾಟವೂ ತಾಳದ ಭಾಗವೇ. ಕೆನ್ನೆಯಲ್ಲಿ ಹಿಡಿದಿಟ್ಟ ಗಾಳಿಯನ್ನು ಹಿಂಡುತ್ತಾ ಅದೇ ಹೊತ್ತಿಗೆ ಮೂಗಿನಿಂದ ಚಕ್ಕನೆ ಉಸಿರೆಳೆಯುತ್ತಾರೆ. ಆಗ ಬಾಯಿಯ ಆಕಾರ ಬದಲಾಗಿ ದನಿಯೂ ಬದಲಾಗುತ್ತದಲ್ಲ, ಅದನ್ನೇ ಲಯಕ್ಕೆ ಸೇರಿಸಿಕೊಳ್ಳುತ್ತಾರೆ. ಇಂಥ ಲಯಗಳನ್ನು ಬಾಯಿಪಾಠದ ಉಲಿಗಳಲ್ಲಿ ಹೇಳಿಕೊಡುವುದೂ ಉಂಟು.

ನನಗೆ ಎಲ್ಲಕ್ಕಿಂತ ಜಾಸ್ತಿ ಮಜಾ ಅನಿಸುವುದು ಊದುತ್ತಲೇ ಗಂಟಲಲ್ಲಿ ಹಾಡುವುದು. ತುಟಿ 80ರಲ್ಲಿ ನಡುಗುತ್ತಿದೆ, ಗಂಟಲು 120ರಲ್ಲಿ ಗುನುಗುತ್ತಿದೆ ಅಂತಿಟ್ಟುಕೊಳ್ಳಿ. ಎರಡೂ ಒಂದೇ ಗಾಳಿಯನ್ನು ಕತ್ತರಿಸುತ್ತಿರುವುದರಿಂದ ಸುಮ್ನೆ ಅಕ್ಕಪಕ್ಕ ಕೂರುವುದಿಲ್ಲ. ಕೂಡಿದ 200, ಕಳೆದ 40, ಎರಡೂ ಹುಟ್ಟುತ್ತವೆ. ಅಂದರೆ ಸ ನುಡಿಸುತ್ತಾ ಪ ಹಾಡಿದರೆ, ಯಾರೂ ನುಡಿಸದ ಕೆಳಗಿನ ಸ ಬರುತ್ತದೆ! ಶ್ರುತಿ ಕೊಂಚ ತಪ್ಪಿಸಿದರೆ ಒರಟು ಗೊರಗೊರ. ಡಿಂಗೊ ನಾಯಿ, ಕೂಕಬರಾ ಹಕ್ಕಿಯ ಕೂಗು ಬರುವುದೂ ಹೀಗೆ ಗಂಟಲು ಸೇರಿಸಿಯೇ. ಪ್ರವಾಸಿಗರು ಅದಕ್ಕೇ ಚಪ್ಪಾಳೆ ತಟ್ಟುತ್ತಾರೆ, ನನಗಂತೂ ಆ ಕೆಳಗಿನ ಸ ಸಾಕು.

ಊರಿಂದೂರಿಗೆ ಪದ್ಧತಿ ಬೇರೆ. ಈಶಾನ್ಯ ಆರ್ನೆಮ್ ಲ್ಯಾಂಡ್‌ನ ಯೋಲ್ಙು ಜನರ ವಾದ್ಯ ಯಿಡಾಕಿ. ಅವರು ತುಟಿ ಬಿಗಿದು ಮೇಲಿನ ಸ್ವರಕ್ಕೆ ಹಾರುತ್ತಾರೆ, ಇಂಗ್ಲಿಷಿನವರು ಅದಕ್ಕೆ ಟೂಟ್ ಅನ್ನುತ್ತಾರೆ. ಉದ್ದಕ್ಕೂ ಒಂದೇ ಅಗಲದ ಕೊಳವೆಯಾಗಿದ್ದರೆ ಅದರ ಕಂಪನ ಮೂಲದ ಮೂರು ಪಟ್ಟು ಇರಬೇಕಿತ್ತು, ಬುಡದತ್ತ ಅಗಲವಾಗುವ ಮರವಾದ್ದರಿಂದ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಆರ್ನೆಮ್ ಲ್ಯಾಂಡ್‌ನ ಪಶ್ಚಿಮದ ಕಡೆ ವಾದ್ಯದ ಹೆಸರು ಮಾಗೊ, ಅದರ ವಾದಕರು ಈ ಟೂಟ್ ಗೊಡವೆಗೆ ಹೋಗುವುದು ಕಡಿಮೆ.