ಇಂಗ್ಲಿಷ್ ಹೆಸರು ಭರ್ಜರಿ, ಕನ್ನಡ ಹೆಸರು ಬಡಕಲು: ಬ್ಯಾನರಿನಲ್ಲಿ ಹೀಗೇಕೆ?

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಕ್ಲಬ್. ವಾರ್ಷಿಕೋತ್ಸವದ ಬ್ಯಾನರಿನಲ್ಲಿ ಹೆಸರು ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಇರಬೇಕು. ಇಂಗ್ಲಿಷಿಗೆ ರಾಕ್‌ವೆಲ್ ಬೋಲ್ಡ್ ಹಾಕಿದೆವು, ಭರ್ಜರಿ ಕಾಣುತ್ತದೆ. ಅದರ ಪಕ್ಕ ಕನ್ನಡ ಬಡಕಲು. ಕನ್ನಡದಲ್ಲಿ ಇಂಥ ಸ್ಲ್ಯಾಬ್ ಸೆರಿಫ್ ಫಾಂಟ್ ಸಿಗುವುದಿಲ್ವಾ?

ಉತ್ತರ: ಹುಡುಕುವುದೇ ಬೇಡ. ನಿಮಗೆ ಬೇಕಾದದ್ದು ಆ ತೂಕ, ಅಂದರೆ ಗೆರೆಯ ದಪ್ಪ, ಮಾತ್ರ.

ರಾಕ್‌ವೆಲ್‌ನ ದೊಡ್ಡ ‘ಐ’ (I) ಅಕ್ಷರ ನೋಡಿ. ನಡುವೆ ಒಂದು ಕಂಬ, ಮೇಲೂ ಕೆಳಗೂ ಚಪ್ಪಟೆ ಪಟ್ಟಿ. ಆ ಪಟ್ಟಿಯೂ ಹೆಚ್ಚುಕಮ್ಮಿ ಕಂಬದಷ್ಟೇ ದಪ್ಪ. ಅದಕ್ಕೇ ಅಕ್ಷರ ಕಾಲೂರಿ ನಿಂತ ಹಾಗೆ ಕಾಣುವುದು. ಸ್ಲ್ಯಾಬ್ ಸೆರಿಫ್ ಅಂದರೆ ಇದೇ. ಈ ಜಾತಿಯ ಅಕ್ಷರ ಹುಟ್ಟಿದ್ದೇ ದೂರದಿಂದ ಕಣ್ಣಿಗೆ ಬೀಳಲಿ ಅಂತ. 1810ರ ದಶಕದ ಲಂಡನ್ನಿನಲ್ಲಿ ಪೋಸ್ಟರು, ಜಾಹೀರಾತುಗಳ ಪೈಪೋಟಿ ಜೋರಾಗಿದ್ದ ಕಾಲ ಅದು. ನೆಪೋಲಿಯನ್ನನ ದಂಡಯಾತ್ರೆಯ ನಂತರ ಅಲ್ಲಿ ಈಜಿಪ್ಟಿನ ಹುಚ್ಚು ಹಿಡಿದಿತ್ತು, ಹಾಗಾಗಿ ಇದಕ್ಕೆ ‘ಈಜಿಪ್ಶಿಯನ್’ ಎಂಬ ಹೆಸರೂ ಅಂಟಿತು. 1845ರ ಕ್ಲಾರೆಂಡನ್ ಎಂಬ ಇಂಥದೇ ಫಾಂಟಿನಲ್ಲಿ ಪಟ್ಟಿ ಕಂಬಕ್ಕೆ ಸೇರುವಲ್ಲಿ ಸಣ್ಣ ಬಾಗು ಇದೆ, ಸ್ವಲ್ಪ ಮೆದು. 1934ರ ರಾಕ್‌ವೆಲ್‌ನಲ್ಲಿ ಅದೂ ಇಲ್ಲ, ನೇರ ಮೂಲೆ. ಕ್ಲಬ್ಬಿನ ಹೆಸರಿಗೆ ನಾನಾದರೆ ಕ್ಲಾರೆಂಡನ್ ಹಾಕುತ್ತಿದ್ದೆ, ಕನ್ನಡದ ಗುಂಡು ಅಕ್ಷರಗಳ ಜತೆ ಅದು ಚೆನ್ನಾಗಿ ಹೊಂದುತ್ತದೆ.

ಕನ್ನಡಕ್ಕೆ ತಲೆಕಟ್ಟು ಇದೆ, ಕಾಲಿಲ್ಲ. ಅಕ್ಷರದ ಬುಡಕ್ಕೆ ಸುಮ್ನೆ ಪಟ್ಟಿ ಅಂಟಿಸಿದರೆ ಒತ್ತಕ್ಷರಕ್ಕೆ ಜಾಗವೇ ಉಳಿಯುವುದಿಲ್ಲ. ಹಾಗಾಗಿ ದಪ್ಪವನ್ನಷ್ಟೇ ಹೊಂದಿಸಿ. ಬಲೂ ತಮ್ಮ 2 ಅಥವಾ ಅನೇಕ್ ಕನ್ನಡದ ಎಕ್ಸ್‌ಟ್ರಾ ಬೋಲ್ಡ್ ಹಾಕಿ ನೋಡಿ, ಎರಡೂ ಉಚಿತ. ಅನೇಕ್ ಮಲಯಾಳಂನಲ್ಲೂ ಇರುವುದರಿಂದ ನಿಮ್ಮ ಮೂರನೇ ಸಾಲಿನ ತಲೆನೋವೂ ಮುಗಿಯಿತು.

ತೆಳು ಫಾಂಟ್ ತೆಗೆದುಕೊಂಡು ಬೋಲ್ಡ್ ಬಟನ್ ಒತ್ತುವ ಅಭ್ಯಾಸ ಮಾತ್ರ ಬಿಡಿ. ಆ ಫಾಂಟಿಗೆ ಸ್ವಂತ ಬೋಲ್ಡ್ ಇಲ್ಲದಿದ್ದರೆ ಸಾಫ್ಟ್‌ವೇರ್ ಗೆರೆಯನ್ನು ಸುತ್ತಲೂ ಉಬ್ಬಿಸುತ್ತದೆ, ಅಷ್ಟೇ. ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ‘ಠ’ದ ಹೊಟ್ಟೆಯ ಚುಕ್ಕಿ ಕರಗಿದರೆ ಮಠ ಮರವಾಗುತ್ತದೆ. ‘ಧ’ದ ಕೆಳಗಿನ ಸೀಳು ಮುಚ್ಚಿದರೆ ಧನಸಹಾಯ ಕೇಳಿದವರಿಗೆ ದನ ಬಂದೀತು! ನಿಜವಾದ ಬೋಲ್ಡ್‌ನಲ್ಲಿ ವಿನ್ಯಾಸಕಾರರು ಗೆರೆ ದಪ್ಪ ಮಾಡುವಾಗಲೇ ಒಳಗಿನ ಜಾಗವನ್ನೂ ಕಾಪಾಡಿರುತ್ತಾರೆ. ಕೇರಳದಲ್ಲಿ ಪಿವಿಸಿ ಫ್ಲೆಕ್ಸ್ ನಿಷೇಧವಾದ ಮೇಲೆ ನಾವು ಬಟ್ಟೆಗೆ ಬಂದಿದ್ದೇವೆ ಅಲ್ವಾ? ಬಟ್ಟೆಯಲ್ಲಿ ಶಾಯಿ ಸ್ವಲ್ಪ ಹರಡಿದರೂ ಸಾಕು, ಇಂಥ ಕಡೆಯೇ ಮೊದಲು ಮುಚ್ಚುವುದು.

ಮೂರಕ್ಕೂ ಒಂದೇ ಫಾಂಟ್ ಸೈಜ್ ಕೊಡಬೇಡಿ, ಕಣ್ಣಳತೆಯೇ ಸರಿ. ಒತ್ತು, ಗುಡಿಸುಗಳನ್ನು ಬಿಟ್ಟು ಕನ್ನಡದ ನಡುಮೈ ಇಂಗ್ಲಿಷಿನ ದೊಡ್ಡಕ್ಷರದಷ್ಟು ಎತ್ತರ ಬರುವವರೆಗೆ ಹಿಗ್ಗಿಸಿ. ಕನ್ನಡ ಸಾಲಿನ ಕೆಳಗೆ ಜಾಸ್ತಿ ಜಾಗ ಬಿಡಿ.

ಈ ದಪ್ಪ ಅಕ್ಷರ ಹೆಸರಿಗೆ, ತಾರೀಕಿಗೆ, ಹೆಚ್ಚೆಂದರೆ ಸ್ಥಳಕ್ಕೆ ಸಾಕು. ಕಾರ್ಯಕ್ರಮದ ಪಟ್ಟಿಗೂ ದಾನಿಗಳ ಹೆಸರಿಗೂ ಮಾಮೂಲಿ ರೆಗ್ಯುಲರ್ ಇರಲಿ. ಅಂಗಡಿಯವರು ಪ್ರಿಂಟ್ ಹಾಕುವ ಮೊದಲು ಅದೇ ಬಟ್ಟೆಯ ತುಂಡಿನ ಮೇಲೆ ನಿಮ್ಮ ಕನ್ನಡ ಸಾಲೊಂದನ್ನು ಹೊಡೆಸಿ, ರಸ್ತೆಯ ಆಚೆ ಬದಿಯಿಂದ ಓದಿ ನೋಡಿ.