ಭಾನುವಾರ ಮಧ್ಯಾಹ್ನದವರೆಗೆ ಮಲಗಿದ್ರೆ ಬಾಕಿ ಚುಕ್ತಾ ಆಗಲ್ಲ

"ವೀಕ್‌ಡೇಸಲ್ಲಿ 5 ಗಂಟೆ ನಿದ್ದೆ ಡಾಕ್ಟ್ರೇ, ಆದ್ರೆ ವೀಕೆಂಡಲ್ಲಿ ಕವರ್ ಮಾಡ್ಕೋತೀನಿ." ನನ್ ಕ್ಲಿನಿಕ್‌ಗೆ ಬರೋ ಐಟಿಯವರು ಇದನ್ನ ಎಷ್ಟು ನೆಮ್ಮದಿಯಾಗಿ ಹೇಳ್ತಾರೆ ಅಂದ್ರೆ, ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿ ಬಂದವರ ಥರ. ಕೆಲಸದ ಹೊರೆ ಸುಳ್ಳು ಅಂತ ನಾನು ಹೇಳ್ತಿಲ್ಲ, ವಾರಕ್ಕೆ 55 ಗಂಟೆಗೂ ಮೇಲೆ ದುಡಿಯೋರಿಗೆ ಸ್ಟ್ರೋಕ್ ರಿಸ್ಕ್ ಸುಮಾರು 35% ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ನನಗೆ ತಲೆ ಕೆಡೋದು ಈ ವೀಕೆಂಡ್ ಲೆಕ್ಕಕ್ಕೆ.

ಮೆದುಳಲ್ಲಿ ಒಂದು ಗಡಿಯಾರ ಇದೆ, ಹೈಪೋಥಲಮಸ್ ಅನ್ನೋ ಜಾಗದಲ್ಲಿ, ಅದನ್ನ ದಿನಾ ಸರಿ ಮಾಡೋದು ಮುಖ್ಯವಾಗಿ ಬೆಳಗಿನ ಬೆಳಕು. ಐದು ದಿನ ಆರೂವರೆಗೆ ಎದ್ದು, ಶನಿವಾರ ಭಾನುವಾರ ಕರ್ಟನ್ ಎಳ್ಕೊಂಡು ಹನ್ನೊಂದೂವರೆವರೆಗೆ ಬಿದ್ಕೊಂಡ್ರೆ ಅದು ಹಿಂದೆ ಬೀಳುತ್ತೆ, ಭಾನುವಾರ ರಾತ್ರಿ ಹನ್ನೊಂದಕ್ಕೆ ದಿಂಬಿಗೆ ತಲೆ ಕೊಟ್ರೆ ನಿದ್ದೆ ಎಲ್ಲಿಂದ ಬರ್ಬೇಕು, ಎರಡರವರೆಗೂ ರೀಲ್ಸು, ಸೋಮವಾರ ಕಾಫಿ ಮೇಲೆ ಕಾಫಿ. ಸಂಜೆ ಐದಕ್ಕೆ ಕುಡಿದಿದ್ರಲ್ಲಿ ಹೆಚ್ಚುಕಮ್ಮಿ ಅರ್ಧ ಕೆಫೀನ್ ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತೆ.

ನವೆಂಬರಲ್ಲಂತೂ ಕೇಳ್ಬೇಡಿ. ಅಮೆರಿಕದವರು ತಿಂಗಳ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಇಲ್ಲಿ ರಾತ್ರಿ ಎಂಟೂವರೆಗೆ ಅವ್ರ ಜೊತೆ ಇದ್ದ ಆಫೀಸ್ ಕಾಲ್ ಒಂಬತ್ತೂವರೆಗೆ ಹೋಗುತ್ತೆ. ಮಗು ಸ್ಕೂಲ್ ವ್ಯಾನ್ ಮಾತ್ರ ಬೆಳಿಗ್ಗೆ ಏಳೂಕಾಲಿಗೇ ಬರೋದು.

ಒಬ್ರು ಹೆಂಡತಿ ಜೊತೆ ಬಂದಿದ್ರು. ಕಾಲ್ ಮುಗಿಯೋದು ಹತ್ತೂವರೆ, ಮಲಗೋದು ಒಂದೂವರೆ. ಮಧ್ಯೆ ಏನ್ ಮಾಡ್ತೀರಿ ಅಂದ್ರೆ, "ಅದು ನನ್ ಟೈಮ್ ಡಾಕ್ಟ್ರೇ." ಬಯ್ಯೋಕೆ ಮನಸ್ಸಾಗ್ಲಿಲ್ಲ, ದಿನವಿಡೀ ಇನ್ನೊಬ್ರ ಕ್ಯಾಲೆಂಡರಲ್ಲಿ ಬದುಕೋನಿಗೆ ಆ ಮೂರು ಗಂಟೆ ಏನು ಅಂತ ಅರ್ಥ ಆಗುತ್ತೆ. ಅಷ್ಟರಲ್ಲಿ ಆಯಮ್ಮ, "ಭಾನುವಾರ ಮಗಳು ನಾಲ್ಕು ಸಲ ಬಾಗಿಲು ಸಂದೀಲಿ ಇಣುಕಿ ನೋಡಿ ಹೋಗ್ತಾಳೆ, ಅಪ್ಪ ಎದ್ರಾ ಅಂತ" ಅಂದ್ರು. ಅಷ್ಟೇ ರೀ ವಿಷಯ. ಆ ಮೂರು ಗಂಟೆ ಆಫೀಸಿಂದ ಕಿತ್ಕೊಂಡಿದ್ದಲ್ಲ, ನಿದ್ದೆಯಿಂದ ಕಿತ್ಕೊಂಡಿದ್ದು, ಅದು ವಸೂಲಿ ಆಗ್ತಿರೋದು ಮಗಳ ಭಾನುವಾರದಿಂದ.

ವೀಕೆಂಡಲ್ಲಿ ಒಂದು ಗಂಟೆ ಜಾಸ್ತಿ ಮಲಗಿ, ಬೇಡ ಅನ್ನಲ್ಲ, ಮಧ್ಯಾಹ್ನ 20 ನಿಮಿಷ ಕಣ್ಣು ಮುಚ್ಚಿ. ಏಳೋ ಟೈಮ್ ಮಾತ್ರ ತುಂಬ ಅತ್ತಿತ್ತ ಆಗೋದು ಬೇಡ. "ನನ್ ಟೈಮ್" ಬೇಕಾ, ವಾರಕ್ಕೆ ಎರಡು ಕಾಲ್ ಆದ್ರೂ ಬಿಡೋಕಾಗುತ್ತಾ ಅಂತ ಮ್ಯಾನೇಜರ್‌ನ ಒಂದ್ಸಲ ಕೇಳಿ ನೋಡಿ, ಕೇಳಿದೋರನ್ನೇ ನಾನು ಹೆಚ್ಚು ನೋಡಿಲ್ಲ. ನೈಟ್ ಶಿಫ್ಟ್‌ನವರಿಗೆ ಈ ಲೆಕ್ಕ ಹಾಗೇ ಹೊಂದಲ್ಲ. ಜೋರು ಗೊರಕೆ, ನಿದ್ದೇಲಿ ಉಸಿರು ಕಟ್ಟೋದು, 8 ಗಂಟೆ ಮಲಗಿದ್ರೂ ಮೀಟಿಂಗಲ್ಲಿ ತೂಕಡಿಕೆ ಇದ್ರೆ ಅದು ಬೇರೆ, ಬಂದು ತೋರಿಸಿ. ಆನ್‌ಲೈನಲ್ಲಿ ನಿದ್ದೆ ಬರ್ಲಿ ಅಂತ ಮೆಲಟೋನಿನ್ ಗಮ್ಮಿ ತರಿಸ್ಕೊಂಡು, "ಕೆಲಸ ಮಾಡ್ತಿಲ್ಲ ಡಾಕ್ಟ್ರೇ" ಅಂತ ನನಗೆ ಮಧ್ಯರಾತ್ರಿ ವಾಟ್ಸಾಪ್ ಮಾಡ್ಬೇಡಿ.